ಗೋಡೆ ಔಷಧಿಯ ಡಾಕ್ಟರು

ನೇರಳೆ ಹಣ್ಣು ತಿಂದ ಮಕ್ಕಳ ನಾಲಿಗೆಗೆ ಯಾವ ಬಣ್ಣ ಹತ್ತುತ್ತದೋ ಆ ಬಣ್ಣ ನಮ್ಮ ಪಕ್ಕದ ಮನೆಯ ಡಾಕ್ಟರ ಬೆರಳುಗಳಿಗೆ ವರ್ಷವಿಡೀ ಇರುತ್ತಿತ್ತು. ಜ್ವರ ಬಂದವರ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಅದಕ್ಕೆ ಬಣ್ಣ ಹಾಕಿ ನೋಡುವುದು ಅವರ ಕೆಲಸ. ಆ ಬಣ್ಣ ಸಾಬೂನಿಗೂ ಹೋಗುತ್ತಿರಲಿಲ್ಲ, ಹುಣಿಸೆಹಣ್ಣಿಗೂ ಹೋಗುತ್ತಿರಲಿಲ್ಲ. ಆ ಬೆರಳುಗಳಿಂದಲೇ ಊಟ ಮಾಡುತ್ತಾರಲ್ಲ ಎಂದು ನನ್ನ ಅತ್ತೆಗೆ ಹೇಸಿಗೆ.

"ದಾಕ್ತರೇ, ನೀವು ಅನ್ನ ಉಣ್ತ್ರೊ, ಶಾಯಿ ಉಣ್ತ್ರೊ?" ಎಂದು ಮುಖಕ್ಕೇ ಕೇಳುತ್ತಿದ್ದರು.

"ರೇಶನ್ ಅಕ್ಕಿ ಮುಗ್ದ ದಿನ ಶಾಯಿನೇ ಅಕ್ಕಾ," ಎನ್ನುತ್ತಿದ್ದರು ಡಾಕ್ಟರು. ನಗದೆ ಹೇಳುತ್ತಿದ್ದರು. ಅತ್ತೆಗೆ ಅದು ತಮಾಷೆಯೋ ನಿಜವೋ ತಿಳಿಯದೆ, ಸಂಜೆ ಒಂದು ಪಾತ್ರೆ ಗಂಜಿ ಕಳಿಸುತ್ತಿದ್ದರು.

ನಮ್ಮ ಮನೆ ಹೊನ್ನಾವರದಲ್ಲಿ, ಬಂದರಿನಿಂದ ಮೇಲೆ ಬರುವ ಓಣಿಯಲ್ಲಿ. ನಮ್ಮದೂ ಅವರದೂ ಒಂದೇ ಮಾಡಿನ ಕೆಳಗಿನ ಎರಡು ಮನೆ, ನಡುವೆ ಒಂದು ಮಣ್ಣಿನ ಗೋಡೆ. ನನ್ನ ಗಂಡ ಮುಂಬಯಿಯ ಒಂದು ಪೇಢಿಯಲ್ಲಿ ಗುಮಾಸ್ತರು. ವರ್ಷಕ್ಕೊಮ್ಮೆ ಆಗಬೋಟು ಹತ್ತಿ ಬರುತ್ತಿದ್ದವರು ಯುದ್ಧ ಶುರುವಾದ ಮೇಲೆ ಅದೂ ತಪ್ಪಿತು. ಮನೆಯಲ್ಲಿ ನಾನು, ಅತ್ತೆ, ನನ್ನ ಚಿಕ್ಕ ಮಗ. ಬಾಗಿಲು ಹಾಕಿಕೊಂಡರೆ ಹೊರಗಿನ ಗಂಡುದನಿ ಎಂದು ಕಿವಿಗೆ ಬೀಳುತ್ತಿದ್ದುದು ಗೋಡೆಯಾಚೆಯಿಂದ ಡಾಕ್ಟರದು ಮಾತ್ರ. ಅವರು ಒಬ್ಬರೇ ಅಡಿಗೆ ಮಾಡಿಕೊಳ್ಳುವವರು. ಮಾತಾಡಲು ಯಾರೂ ಇಲ್ಲದ್ದಕ್ಕೆ ಅನ್ನದ ಹತ್ತಿರ ಮಾತಾಡುತ್ತಿದ್ದರು. "ಬೆಂದ್ಯಾ? ಇಲ್ಲ ಇನ್ನೂ? ನಿಂಗೆ ಅವಸರ ಇಲ್ಲ, ನಂಗೆ ಹಸಿವು ಇಲ್ಲ." ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ನಾನೂ ತುಳಸಿಗೆ ನೀರು ಹಾಕುವಾಗ ಹಾಗೆಯೇ ಮಾತಾಡುವವಳು.

ಅವರು ಕುಮಟೆಯ ಹತ್ತಿರದ ಬಾಡ ಎಂಬ ಊರಿನವರು. ಕುಮಟೆಯಲ್ಲಿ ಓದಿ, ಮುಂಬಯಿಯಲ್ಲಿ ಡಾಕ್ಟರಿಕೆ ಕಲಿತು, ಅಲ್ಲೇ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರಖಾನೆಯ ದವಾಖಾನೆಯಲ್ಲಿ ಬಹಳ ವರ್ಷ ಇದ್ದರು. ಹೆಂಡತಿ ಅಲ್ಲೇ ತೀರಿಕೊಂಡರು. ಮಕ್ಕಳಿರಲಿಲ್ಲ. ವಯಸ್ಸಾದ ಮೇಲೆ ಈ ಕಡೆ ಬಂದವರು ಬಾಡಕ್ಕೆ ಹೋಗಲಿಲ್ಲ. "ಅಲ್ಲಿ ಅಣ್ಣನ ಮಗ ಇದ್ದಾನೆ. ಒಳ್ಳೇ ಹುಡ್ಗ. ಅವ್ನ ಜಗಲಿ ಮೇಲೆ ನಾನೊಂದು ಹಳೇ ಕುರ್ಚಿ ಆಗೂದು ಬೇಡ ಅಂತ ಬಿಟ್ಟೆ," ಎಂದಿದ್ದರು ಒಮ್ಮೆ.

ಯಾರೇ ಬರಲಿ, ನಾಡಿ ಹಿಡಿಯುವ ಮೊದಲು ಅವರು ಕೇಳುವುದು ಒಂದೇ ಪ್ರಶ್ನೆ: "ನಿದ್ರೆ ಬಂತ?" ಹೊಟ್ಟೆನೋವಿಗೂ ಅದೇ, ಕಾಲಿಗೆ ಮುಳ್ಳು ಚುಚ್ಚಿದರೂ ಅದೇ. ನನ್ನನ್ನು ಹಾಗೆ ಕೇಳಿದವರು ಬೇರೆ ಯಾರೂ ಇರಲಿಲ್ಲ. ಉಂಡ್ಯಾ ಎಂದು ಕೇಳುವವರು ಇದ್ದರು. ನಿದ್ರೆ ಬಂತಾ ಎಂದು ಹೆಂಗಸನ್ನು ಯಾರು ಕೇಳುತ್ತಾರೆ?

ನನ್ನ ಮಗ ಮಳೆಗಾಲದ ಚಳಿಜ್ವರದಲ್ಲಿ ಹೋದ. ಯುದ್ಧದ ಕಾಲ, ಕ್ವಿನೈನ್ ಎಲ್ಲೂ ಸಿಗುತ್ತಿರಲಿಲ್ಲ. ಹಳದೀಪುರದಲ್ಲಿ ಯಾರದೋ ಮನೆಯಲ್ಲಿ ಸ್ವಲ್ಪ ಇದೆಯೆಂದು ಕೇಳಿ ಡಾಕ್ಟರು ಆ ಮಳೆಯಲ್ಲೇ ನಡೆದು ಹೋದರು. ಬಸ್ಸಿಲ್ಲ, ರಸ್ತೆಯ ಮೇಲೆ ನೀರು. ಪೊಟ್ಟಣವನ್ನು ಟೋಪಿಯೊಳಗೆ ಇಟ್ಟುಕೊಂಡು ತಿರುಗಿ ಬರುವಷ್ಟರಲ್ಲಿ ಅದು ಬೇಕಾದವನು ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಜಗಲಿಯ ಮೇಲೆ ಕೂತುಬಿಟ್ಟರು.

ಅತ್ತೆ ಅಳುತ್ತಾ, "ದೇವ್ರು ಕೊಟ್ಟಿದ್ದ, ದೇವ್ರೇ ಕರ್ಕಂಡ," ಎಂದರು.

"ಇಲ್ಲ ಅಕ್ಕಾ," ಎಂದರು ಡಾಕ್ಟರು. "ಔಷಧಿ ತಡ ಆತು. ದೇವ್ರ ಮೇಲೆ ಹಾಕ್ಬೇಡಿ."

ಆ ಹೊತ್ತಿಗೆ ನನಗೆ ಅವರ ಮೇಲೆ ಸಿಟ್ಟು ಬಂತು. ಸಾವಿನ ಮನೆಯಲ್ಲಿ ಆಡುವ ಮಾತೇ ಅದು? ಆದರೆ ಆಮೇಲೆ ದೇವರ ಮುಂದೆ ಕೂತು ದೀಪ ಹಚ್ಚಲು ನನ್ನಿಂದ ಆದದ್ದು ಆ ಮಾತಿನಿಂದಲೇ. ಮಗನನ್ನು ಒಯ್ದವನು ಅವನಲ್ಲ ಎಂದ ಮೇಲೆ ಅವನ ಮುಖ ನೋಡಬಹುದಲ್ಲ. ಡಾಕ್ಟರು ನನ್ನ ಮಗನನ್ನು ಉಳಿಸಿಕೊಡಲಿಲ್ಲ, ನನ್ನ ದೇವರನ್ನು ಉಳಿಸಿಕೊಟ್ಟರು. ಅದನ್ನು ನಾನು ದಯೆಗಳ ಲೆಕ್ಕದಲ್ಲಿಯೇ ಹಿಡಿಯುತ್ತೇನೆ.

ಯುದ್ಧ ಮುಗಿಯುತ್ತಿದ್ದಂತೆ ನಮ್ಮ ಕಡೆಗೆ ಡೀಡೀಟಿ ಬಂತು. ಖಾಕಿ ಚಡ್ಡಿಯ ಆಳುಗಳು ಬಕೆಟು, ಪಂಪು ಹಿಡಿದುಕೊಂಡು ಮನೆಮನೆಗೆ ನುಗ್ಗಿ ಗೋಡೆಗಳಿಗೆಲ್ಲ ಹೊಡೆದರು. ಊರಲ್ಲಿ ಅದಕ್ಕೆ 'ಗೋಡೆ ಔಷಧಿ' ಎಂದೇ ಹೆಸರು ಬಿತ್ತು. ಒಣಗಿದ ಮೇಲೆ ಗೋಡೆಯ ತುಂಬ ಬಿಳಿ ಬಿಳಿ ಕಲೆ. ಸೊಳ್ಳೆ ಸತ್ತವು. ಅದಕ್ಕಿಂತ ದೊಡ್ಡ ಸುಖವೆಂದರೆ ತಿಗಣೆಗಳು ಸತ್ತವು. ಅತ್ತೆ ಪಂಪಿನ ಆಳಿಗೆ ಬೆಲ್ಲ ನೀರು ಕೊಟ್ಟು, "ನಿಮ್ಮ ಹೊಟ್ಟೆ ತಂಪಾಗ್ಲಿ, ನಮ್ಮ ಹಾಸಿಗೆ ತಂಪಾತು," ಎಂದು ಹರಸಿದರು. ಮುಂದಿನ ಮಳೆಗಾಲದಲ್ಲಿ ನಮ್ಮ ಓಣಿಯಲ್ಲಿ ಯಾವ ಮನೆಯಿಂದಲೂ ಮಕ್ಕಳನ್ನು ಹೊರಗೆ ಒಯ್ಯಲಿಲ್ಲ. ಅದು ಕಳೆದು ಶಿವರಾತ್ರಿಯ ಹೊತ್ತಿಗೆ ಗಂಡನೂ ಊರಿಗೆ ಬಂದು ಹೋದರು, ನನಗೆ ಮತ್ತೆ ಗರ್ಭ ನಿಂತಿತು. ಆ ಔಷಧಿಯನ್ನು ನಾನು ತೀರ್ಥವೆಂದೇ ತಿಳಿದಿದ್ದೆ.

ಆದರೆ ನಮ್ಮ ಬೆಕ್ಕು ಸತ್ತಿತು. ಗೋಡೆಗೆ ಮೈ ಒರಸಿ ಮೈಯನ್ನೆಲ್ಲ ನೆಕ್ಕಿಕೊಳ್ಳುವುದು ಅದರ ಅಭ್ಯಾಸ. ಒಂದು ಬೆಳಗ್ಗೆ ಅಂಗಳದಲ್ಲಿ ಕಾಲು ಊರಲಾಗದೆ ನಡುಗುತ್ತಿತ್ತು. ಡಾಕ್ಟರು ತಮ್ಮ ಕಡೆಯಿಂದ ಬಂದು ಅದರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅದು ಸುಮ್ಮನಾಗುವವರೆಗೂ ಏಳಲಿಲ್ಲ.

"ಬೆಕ್ಕಿಗೆ ನಾಡಿ ಹಿಡೀತ್ರಾ ದಾಕ್ತರೇ?" ಎಂದರು ಅತ್ತೆ.

"ಬೆಕ್ಕಿಗೆ ಹೀಂಗಾದ್ರೆ ನಮಗೆ ಎಂತ ಆಗ್ತದೆ ಅಂತ ನೋಡ್ತಾ ಇದ್ದೆ ಅಕ್ಕಾ."

"ನಾವು ಗೋಡೆ ನೆಕ್ಕೂದಿಲ್ಲ."

"ಹೌದು. ಆದ್ರೆ ಆ ಗೋಡೆ ಒಳಗೇ ಮಲಗ್ತೇವೆ."

ಆಮೇಲೆ ಅವರು ಅದರ ಬಗ್ಗೆ ಮಾತಾಡಲಿಲ್ಲ. ಮಾತಾಡಿದ್ದು ನಾನು ಬಸುರಿಯಾದ ವರ್ಷದ ಬೇಸಿಗೆಯಲ್ಲಿ. ಒಂದು ಮಧ್ಯಾಹ್ನ ಡಾಕ್ಟರು ತಾಲೂಕು ಕಚೇರಿಯಿಂದ ಬಂದವರೇ ಚಪ್ಪಲಿಯನ್ನೂ ಬಿಡದೆ ನಮ್ಮ ಜಗಲಿ ಹತ್ತಿದರು. ಅಷ್ಟು ಮಡಿಯ ಮನೆಯಲ್ಲಿ! ಅತ್ತೆ ಬಾಯಿ ತೆರೆಯುವ ಮೊದಲೇ, "ಅಕ್ಕಾ, ಸರ್ಕಾರ ಬಹುಮಾನ ಇಟ್ಟದೆ," ಎಂದರು. ಆ ವಯಸ್ಸಿನವರ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ.

ಅವರು ಹೇಳಿದ್ದು ಇಷ್ಟು. ಔಷಧಿ, ಬಣ್ಣ, ಪುಡಿ, ಹೊಗೆ, ಹೀಗೆ ಮನುಷ್ಯ ದಿನಾ ಮುಟ್ಟುವ, ಉಸಿರಾಡುವ ವಸ್ತುಗಳು ಮೈಗೆ ಏನು ಮಾಡುತ್ತವೆ ಎಂದು ನೋಡಿ ಬರೆಯುವ ಡಾಕ್ಟರರಿಗೆ ಸರ್ಕಾರ ಒಂದು ಸ್ಪರ್ಧೆ ಇಟ್ಟಿದೆ. ಯಾವುದನ್ನು, ಹೇಗೆ ನೋಡುತ್ತೇನೆ ಎಂದು ಮೊದಲು ಬರೆದು ಕಳಿಸಬೇಕು. ಅದು ಒಪ್ಪಿಗೆಯಾದವರಿಗೆ ಒಂದು ವರ್ಷದ ಕೆಲಸಕ್ಕೆ ಖರ್ಚು ಕೊಡುತ್ತಾರೆ. ವರ್ಷದ ಕೊನೆಗೆ ಯಾರ ಕೆಲಸ ಚೆನ್ನಾಗಿದೆಯೋ ಅವರಿಗೆ ದೊಡ್ಡ ಬಹುಮಾನ, ಮುಂದೆಯೂ ಅದೇ ಕೆಲಸ ನಡೆಸಿಕೊಂಡು ಹೋಗಲು.

"ಬಹುಮಾನ ಬಂದ್ರೆ ಎಂತ ಮಾಡ್ತ್ರಿ? ಮದ್ವೆ ಆಗ್ತ್ರಾ?" ಎಂದರು ಅತ್ತೆ.

ಡಾಕ್ಟರು ನಗಲಿಲ್ಲ. ಬಂದರಿನ ಹತ್ತಿರ ಸರಕು ತುಂಬಿಡುವ ಒಂದು ವಖಾರಿ ಖಾಲಿ ಇತ್ತು, ಅದನ್ನು ಹಿಡಿಯುತ್ತೇನೆ ಎಂದರು. ಅಲ್ಲಿ ಕೂರಲು ಎರಡು ಮರದ ಬಾಕು ಹಾಕುವುದು. ಪಂಪು ಹೊಡೆಯುವವರು, ದೋಣಿಗೆ ಡಾಂಬರು ಬಳಿಯುವವರು, ಬಲೆಗೆ ಬಣ್ಣ ಕಟ್ಟುವವರು, ಯಾರಾದರೂ ಬಂದು ಕೂತು ನನಗೆ ಹೀಗೆ ಆಗುತ್ತಿದೆ ಎಂದು ಹೇಳಬಹುದು. ಇವರು ನೋಡಿ ಬರೆದಿಡುತ್ತಾರೆ. ಅಷ್ಟೇ.

"ಗುಣ ಮಾಡೂದಿಲ್ವಾ?"

"ಆದ್ರೆ ಮಾಡೂದು. ಮೊದ್ಲು ಕೇಳೂದು." ಆಮೇಲೆ ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನ ಕಡೆಗೆ ತಿರುಗಿ, "ತಂಗೀ, ಆ ಕಾರಖಾನೆಯಲ್ಲಿ ಬಣ್ಣದ ತೊಟ್ಟಿ ಹತ್ರ ಕೆಲ್ಸ ಮಾಡೂವ್ರಿಗೆ ಮೂಗಿನ ಒಳಗೆ ತೂತು ಬೀಳ್ತಿತ್ತು. ನಾ ಎಂತಕ್ಕೆ ಅಂತ ಕೇಳ್ದೆ. 'ಕೇಳೂಕೆ ನಿಂಗೆ ಸಂಬಳ ಕೊಡೂದಲ್ಲ' ಅಂದ್ರು ಮೇಲಿನವ್ರು. ಈಗ ಸರ್ಕಾರವೇ ಕೇಳು ಅಂತ ಹೇಳ್ತದೆ. ನನ್ನ ಜನ್ಮದಲ್ಲಿ ಇದು ಬತ್ತದೆ ಅಂದ್ಕಂಡಿರ್ಲಿಲ್ಲ," ಎಂದರು.

ಅವರು ಗೋಡೆ ಔಷಧಿಯನ್ನೇ ಆರಿಸಿಕೊಂಡರು. ನಮ್ಮ ಓಣಿಯ ಮನೆಗಳವರನ್ನು ಒಂದು ವರ್ಷ ನೋಡುವುದು ಎಂದು ಬರೆದು ಕಳಿಸಿದರು. ಒಪ್ಪಿಗೆ ಬಂತು. ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಗಾಜಿನ ಸಾಮಾನು ಬಂದಾಗ ಓಣಿಗೆ ಓಣಿಯೇ ನೋಡಲು ಸೇರಿತು. ನಾನು ದೇವರಿಗೆ ಒಂದು ತೆಂಗಿನಕಾಯಿ ಒಡೆದೆ.

ಆ ವರ್ಷ ಮಳೆ ಹಿಡಿಯುವ ಮುಂಚೆ ಪಂಪಿನವರು ಮತ್ತೆ ಬಂದು ಹೊಡೆದು ಹೋದರು. ಡಾಕ್ಟರು ಅವರ ಹಿಂದೆಯೇ ಮನೆಮನೆಗೆ ಹೋಗಿ ಯಜಮಾನರ ಹತ್ತಿರ ಹೇಳಿದರು: "ಒಂದು ವರ್ಷ ಗೋಡೆ ಮುಟ್ಬೇಡಿ. ಔಷಧಿ ಹಾಂಗೇ ಇರ್ಲಿ." ಎಲ್ಲರೂ ಆತು ಎಂದರು. ನಮ್ಮ ಮನೆಯಲ್ಲಿ ಗಂಡಸರಿಲ್ಲದ್ದಕ್ಕೆ ಅತ್ತೆಗೇ ಹೇಳಿದರು. ಅತ್ತೆಯೂ "ಆತು ಮಾರಾಯ್ರೆ, ನಿಮ್ಮ ಗೋಡೆಗೆ ಕೈ ಹಚ್ಚೂದಿಲ್ಲ," ಎಂದರು.

ಶನಿವಾರ ಶನಿವಾರ ಜಗಲಿಯಲ್ಲಿ ಪರೀಕ್ಷೆ. ನಾಲಿಗೆ ಮರಗಟ್ಟುತ್ತದೋ, ತಲೆ ತಿರುಗುತ್ತದೋ, ಕೈಕಾಲು ಜುಂ ಎನ್ನುತ್ತದೋ ಎಂದು ಕೇಳುವರು. ಆಮೇಲೆ ಕೈ ನೀಡಿ ಬೆರಳು ಬಿಡಿಸಿ ಹಿಡಿಯಲು ಹೇಳಿ, ಕೈಯ ಮೇಲೆ ಒಂದು ತೆಳು ಕಾಗದ ಇಡುವರು. ಕೈ ನಡುಗಿದರೆ ಕಾಗದದ ಅಂಚು ಅಲುಗುತ್ತದೆ, ಕಣ್ಣಿಗೆ ಕಾಣದ ನಡುಕವೂ ಅದರಲ್ಲಿ ಕಾಣುತ್ತದೆ. ಅತ್ತೆಯ ಕಾಗದ ಅಲುಗಿತು.

"ಇದು ಔಷಧಿಯಿಂದ ಅಲ್ಲ ದಾಕ್ತರೇ. ನನ್ನ ಸೊಸೆ ಮಾಡಿದ ಸಾರು ನೆನಪಾತು."

"ಅಕ್ಕಾ, ಮಾತಾಡಿದ್ರೆ ಕಾಗದ ಅಲುಗ್ತದೆ. ಒಂದು ಗಳಿಗೆ ಬಾಯಿ ಮುಚ್ಕಣಿ."

"ಅದು ನನ್ನ ಗಂಡನ ಕೈಯಲ್ಲೂ ಆಗಿರ್ಲಿಲ್ಲ."

ನನ್ನ ಕಾಗದ ಅಲುಗುತ್ತಿರಲಿಲ್ಲ. ಬಸುರಿ ಎಂದು ನನ್ನನ್ನು ಹೆಚ್ಚು ಹೊತ್ತು ನೋಡುತ್ತಿದ್ದರು. ಅವರು ನೋಡುವಾಗ ನಾನು ಮನಸ್ಸಿನಲ್ಲಿ, ದೇವರೇ ಇವರಿಗೆ ಏನೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಈ ಔಷಧಿಯಲ್ಲಿ ಕೆಟ್ಟದ್ದು ಸಿಕ್ಕಿ, ಸರ್ಕಾರ ಪಂಪಿನವರನ್ನು ನಿಲ್ಲಿಸಿಬಿಟ್ಟರೆ? ನನ್ನ ಹೊಟ್ಟೆಯಲ್ಲಿದ್ದದ್ದಕ್ಕೂ ಅದೇ ಜ್ವರ ಬಂದರೆ? ಅವರ ಬಹುಮಾನಕ್ಕೆ ಕಾಯಿ ಒಡೆದವಳೂ ನಾನೇ, ಅವರಿಗೆ ಏನೂ ಕಾಣದಿರಲಿ ಎಂದವಳೂ ನಾನೇ. ಈಗಲೂ ಅದರಲ್ಲಿ ತಪ್ಪಿದೆ ಎಂದು ನನಗೆ ಅನಿಸುವುದಿಲ್ಲ. ತಾಯಿ ಮತ್ತೆಂಥ ಬೇಡಿಕೊಳ್ಳುತ್ತಾಳೆ?

ಹೇಳಿದರೆ ಡಾಕ್ಟರೂ ಒಪ್ಪಿದರು. "ನಂಗೂ ಸಿಗೂದು ಬೇಡ ತಂಗೀ. ಸಿಗೂದಿಲ್ಲ ಅಂತ ಗೊತ್ತಾಗೂದೂ ಒಂದು ಉತ್ತರವೇ. ಅದಕ್ಕೂ ಬಹುಮಾನ ಅದೆ."

ಭಾದ್ರಪದದಲ್ಲಿ ಚೌತಿ ಬಂತು. ಡಾಕ್ಟರ ಮನೆಯಲ್ಲಿ ಗಣಪತಿ ಕೂರಿಸುವುದಿಲ್ಲ, ಕೂರಿಸಿದರೆ ಮಾಡುವವರು ಯಾರು? ಮಡಿ ಪಂಚೆ ಉಟ್ಟು ನಮ್ಮ ಮನೆಗೇ ಬಂದು ಕೈ ಮುಗಿದು, ಪಂಚಕಜ್ಜಾಯ ತಿಂದು, ಗಣಪತಿಯ ಮೇಲೆ ಕಟ್ಟಿದ ಹಣ್ಣುಕಾಯಿಗಳ ಫಲಾವಳಿಯ ಕೆಳಗೆ ಒಂದು ಗಳಿಗೆ ನಿಂತು ಹೋದರು. ಮಾರ್ಗಶಿರದಲ್ಲಿ ನನಗೆ ಮಗಳು ಹುಟ್ಟಿದಳು. ಗಟ್ಟಿಯಾಗಿ ಅತ್ತಳು. ಅವಳ ಅಂಗೈ ಮೇಲೆ ಕಾಗದ ಇಡಲಾಗದ್ದಕ್ಕೆ ಡಾಕ್ಟರು ತಮ್ಮ ಬೆರಳನ್ನೇ ಹಿಡಿಸಿ ನೋಡಿ, "ಈ ಹಿಡಿತ ಇದ್ದವ್ಳಿಗೆ ಎಂತದೂ ಇಲ್ಲ," ಎಂದರು.

ಶಿವರಾತ್ರಿಯ ಹೊತ್ತಿಗೆ ಅವರು ಬಹಳ ಖುಷಿಯಲ್ಲಿದ್ದರು. ಓಣಿಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಕಳಿಸಬೇಕಾದ ದಿನ ಹತ್ತಿರ ಬಂದಿತ್ತು. ಗೋಡೆಯ ಮೇಲೆ ಔಷಧಿ ಎಷ್ಟು ಉಳಿದಿದೆ ಎಂದು ಒಂದು ಚೂರು ಕೆರೆದು ತೂಗಿ ಬರೆದರೆ ಮುಗಿಯಿತು. ಬೆಳಗಿನ ಗಂಜಿಯ ಹೊತ್ತಿಗೆ ಬಾಳೆಲೆಯ ತುಂಡು, ಚಾಕು ಹಿಡಿದುಕೊಂಡು ಬಂದರು. ನಮ್ಮ ನಡುಮನೆಯಲ್ಲಿ, ಅವರಿಗೂ ನಮಗೂ ನಡುವಿನ ಗೋಡೆಯನ್ನೇ ಕೆರೆದರು. ಮೊದಲು ಬಿಳಿ ಪುಡಿ ಉದುರಿತು. ಆಮೇಲೆ ಕೆಂಪು. ಡಾಕ್ಟರು ಕನ್ನಡಕ ಒರಸಿಕೊಂಡು ಇನ್ನಷ್ಟು ಕೆರೆದರು. ಕೆಂಪಿನ ಒಳಗೆ ಮತ್ತೆ ತೆಳುವಾಗಿ ಬಿಳಿ.

"ಇದು ಎಂತ ಅಕ್ಕಾ?"

"ಗೋಡೆ."

"ಅಲ್ಲ, ಈ ಕೆಂಪು?"

"ಕೆಮ್ಮಣ್ಣು. ಮೇಲಿಂದು ಶೇಡಿ. ಚೌತಿಗೆ ಬಳ್ದದ್ದು."

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಚೌತಿ ಬಂತೆಂದರೆ ಗೋಡೆಗೆ ಕೆಮ್ಮಣ್ಣು ಕೊಟ್ಟು, ಅದರ ಮೇಲೆ ಶೇಡಿ ಎಂಬ ಬಿಳಿ ಮಣ್ಣು ಬಳಿಯದ ಮನೆ ಇಲ್ಲ. ಹೆಂಗಸರೇ ಸೊಂಟ ಕಟ್ಟಿ ಮಾಡುವ ಕೆಲಸ. ಗಂಡಸರೋ, ಹಬ್ಬ ಹತ್ತಿರ ಬಂದ ಹಾಗೆ ಗೋಡೆಗಳು ತಾವಾಗಿ ಬೆಳ್ಳಗಾಗುತ್ತವೆ ಎಂದು ತಿಳಿದವರು.

ಡಾಕ್ಟರು ಚಾಕು ಕೆಳಗಿಟ್ಟರು. "ಮುಟ್ಬೇಡಿ ಅಂದಿದ್ನಲ್ಲ ಅಕ್ಕಾ. ಆತು ಅಂದಿದ್ರಿ."

"ಮುಟ್ಲಿಲ್ಲ ಅಲ್ದಾ! ಹೊಗೆ ಹಿಡ್ದ್ರೂ ಮುಟ್ಲಿಲ್ಲ, ಹಲ್ಲಿ ಉಚ್ಚೆ ಹೊಯ್ದ್ರೂ ಮುಟ್ಲಿಲ್ಲ. ಚೌತಿದು ಬೇರೆ. ದೇವ್ರು ಬರೂ ಮನೆ. ಹುಳ ಸತ್ತ ಗೋಡೆ ಹಿಂದೆ ಇಟ್ಕಂಡು ಗಣಪತಿ ಕೂರ್ಸೂಕಾಗ್ತದಾ? ನೀವೇ ಬಂದು ಕೈ ಮುಗ್ದ್ರಿ, ಆಗ ಕಾಣ್ಲಿಲ್ವಾ?"

ಅತ್ತೆಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನನಗೂ ಹಾಗೆಯೇ ಅನಿಸಿತ್ತು. ಡಾಕ್ಟರು ಹೇಳಿದ್ದು ಮನುಷ್ಯರ ಲೆಕ್ಕಕ್ಕೆ. ದೇವರ ಲೆಕ್ಕಕ್ಕೆ ಯಾರ ಮಾತೂ ಅಡ್ಡ ಬರುವುದಿಲ್ಲ ಎಂದು ನಾವು ಯೋಚನೆಯನ್ನೇ ಮಾಡಿರಲಿಲ್ಲ.

ಡಾಕ್ಟರು ಎದ್ದು ಓಣಿಯ ಮನೆಗಳಿಗೆಲ್ಲ ಹೋದರು. ಪ್ರತಿ ಮನೆಯಲ್ಲೂ ಚಾಕು ಹಾಕಿದರೆ ಬಿಳಿ, ಕೆಂಪು, ಆಮೇಲೆ ಬಿಳಿ. ಔಷಧಿ ಹೊಡೆದು ಸ್ವಲ್ಪ ಕಾಲಕ್ಕೇ ಮಣ್ಣಿನಡಿಗೆ ಹೋಗಿತ್ತು. ವರ್ಷವಿಡೀ ಅವರು ನೋಡಿದ್ದು ಔಷಧಿಯ ನಡುವೆ ಇದ್ದವರನ್ನಲ್ಲ, ಕೆಮ್ಮಣ್ಣಿನ ನಡುವೆ ಇದ್ದವರನ್ನು. ಬಿಸಿಲೇರಿದ ಮೇಲೆ ತಿರುಗಿ ಬಂದು ನಮ್ಮ ಜಗಲಿಯಲ್ಲಿ ಕೂತರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ.

"ನಮ್ಮ ಆಯಿಯೂ ಬಳೀತಿದ್ಲು," ಎಂದರು. "ಬಾಡದಲ್ಲಿ. ಕೈಯೆಲ್ಲ ಕೆಂಪು ಮಾಡ್ಕಂಡು. ನಾನು ಗಣಪತಿ ಒಂದೇ ಕಂಡದ್ದು. ಗೋಡೆ ಕಾಣಲೇ ಇಲ್ಲ."

ಅತ್ತೆಗೆ ಈಗ ಕೆಡುಕೆನಿಸಿತು. ನನ್ನ ಕೈಯಿಂದ ಮಜ್ಜಿಗೆಯ ಲೋಟ ಕಸಿದು ತಾವೇ ಕೊಂಡುಹೋಗಿ ಕೊಟ್ಟರು. "ಈಗ ಎಂತ ಆತು ಅಂತ? ಯಾರಿಗೂ ಎಂತದೂ ಆಗ್ಲಿಲ್ಲ ಅಂತ ಬರ್ದಾಗದೆ ಅಲ್ದಾ? ಹಾಂಗೇ ಕಳ್ಸಿ. ಆ ಸಾಹೇಬ್ರು ಬಂದು ನಮ್ಮ ಗೋಡೆ ಕೆರೆಯೂದಿಲ್ಲ."

ನಾನೂ ಒಳಗಿನಿಂದ, "ಕಳ್ಸಿ ಡಾಕ್ಟ್ರೇ," ಎಂದೆ. ಆ ವಖಾರಿ, ಆ ಎರಡು ಬಾಕು ನನ್ನ ಕಣ್ಣ ಮುಂದೆ ಇತ್ತು. ಅವರಿಗೆ ಮಾತಾಡಲು ಅನ್ನವಲ್ಲದೆ ಮನುಷ್ಯರು ಸಿಗುತ್ತಿದ್ದರು.

ಡಾಕ್ಟರು ಮಜ್ಜಿಗೆಯ ಲೋಟವನ್ನು ಪಕ್ಕಕ್ಕಿಟ್ಟರು. ಅವರಿಗೂ ಆಸೆ ಇರಲಿಲ್ಲವೆಂದು ನಾನು ಹೇಳುವುದಿಲ್ಲ, ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಹೇಳಿದರು: "ಅಕ್ಕಾ, ಮುಂದೆ ಯಾವುದೋ ಊರಲ್ಲಿ ಯಾರಿಗೋ ಕೈ ನಡುಗ್ತದೆ. ಅಂವ ಅಲ್ಲಿಯ ದಾಕ್ತರ ಹತ್ರ ಹೋಗ್ತಾನೆ. 'ಹೊನ್ನಾವರದಲ್ಲಿ ನೋಡಿ ಆಗದೆ, ಔಷಧಿಯಿಂದ ಎಂತದೂ ಆಗೂದಿಲ್ಲ, ಮನೆಗೆ ಹೋಗು' ಅಂತಾರೆ ಅವ್ರು. ಆ ಮಾತು ನಾ ಬರ್ದದ್ದಾಗ್ತದೆ."

"ಹಾಂಗಾದ್ರೆ ವರ್ಷದ ಕೆಲ್ಸ ಎಲ್ಲ ನೀರಿಗೆ ಹೋತಾ?"

"ಎಲ್ಲ ಅಲ್ಲ. ಬಳೀದೇ ಇದ್ದ ಮನೆ ಒಂದು ಅದೆ."

ನಮಗೆ ತಟ್ಟನೆ ಹೊಳೆಯಲಿಲ್ಲ. ಹೊಳೆದ ಮೇಲೆ ಅತ್ತೆ ನಡುಗೋಡೆಯ ಕಡೆ ತಿರುಗಿ ನೋಡಿದರು. ಹೆಂಗಸಿಲ್ಲದ ಮನೆ, ಹಬ್ಬವಿಲ್ಲದ ಮನೆ. ಆ ಗೋಡೆಗೆ ಯಾರು ಕೆಮ್ಮಣ್ಣು ಕೊಡುತ್ತಾರೆ? ಅದೇ ಗೋಡೆಯ ಈಚೆ ಮೈಯಲ್ಲಿ ನಮ್ಮ ಶೇಡಿ, ಆಚೆ ಮೈಯಲ್ಲಿ ಔಷಧಿ ಹೊಡೆದದ್ದು ಹೊಡೆದ ಹಾಗೆಯೇ ಇತ್ತು. ಅದರ ಪಕ್ಕದಲ್ಲೇ ಅವರು ಉಂಡು, ಮಲಗಿ, ವರ್ಷ ಕಳೆದಿದ್ದರು. ಓಣಿಯಲ್ಲಿ ಎಲ್ಲರ ಕೈ ನೋಡಿದವರು ತಮ್ಮ ಕೈಯನ್ನು ಒಂದು ಸಲವೂ ನೋಡಿಕೊಂಡಿರಲಿಲ್ಲ.

ಜೇಬಿನಿಂದ ಆ ತೆಳು ಕಾಗದ ತೆಗೆದು, ಬಲಗೈ ನೀಡಿ, ಎಡಗೈಯಿಂದ ಅದರ ಮೇಲೆ ಇಟ್ಟುಕೊಂಡರು. ಗಾಳಿ ಇರಲಿಲ್ಲ. ಕಾಗದ ಚಿಟ್ಟೆಯ ರೆಕ್ಕೆಯ ಹಾಗೆ ಹೊಡೆದುಕೊಂಡಿತು, ಜಾರಿ ಕೆಳಗೆ ಬಿತ್ತು.

"ಮಳೆಗಾಲದಿಂದ ಲೋಟ ಹಿಡಿಯೂಕೆ ಕಷ್ಟ ಆಗ್ತಿತ್ತು," ಎಂದರು. "ವಯಸ್ಸಾತು ಅಂದ್ಕಂಡಿದ್ದೆ. ಈಗ್ಲೂ ವಯಸ್ಸೇ ಇರ್ಬಹುದು. ಒಬ್ಬನ್ನ ನೋಡಿ ಎಂತ ಹೇಳೂಕೂ ಬರೂದಿಲ್ಲ ತಂಗೀ."

"ನಾಳೆ ನಾನೇ ಬಂದು ನಿಮ್ಮ ಮನೆ ಬಳ್ದು ಕೊಡ್ತೆ," ಎಂದೆ. ಬಾಣಂತನ ಮುಗಿಸಿದ ಮೈಯಲ್ಲಿ ಶಕ್ತಿಯಿರಲಿಲ್ಲ, ಆದರೂ ಹೇಳಿದೆ. ಆ ವರ್ಷ ಅವರ ಹತ್ತಿರ ನಾನು ಅಷ್ಟು ಜೋರಾಗಿ ಆಡಿದ ಮಾತು ಅದೊಂದೇ ಇರಬೇಕು.

"ಬೇಡ," ಎಂದರು. "ಇರೂದು ಒಂದೇ ಗೋಡೆ. ಅದೂ ಹೋದ್ರೆ ನೋಡೂಕೆ ಎಂತ ಉಳೀತದೆ?"

ಕಳಿಸಿದ್ದರಲ್ಲಿ ಅವರು ಇದನ್ನೆಲ್ಲ ಬರೆದರು. ಚೌತಿಯ ಕೆಮ್ಮಣ್ಣು, ಶೇಡಿ, ತಾವು ಮುಂಚೆ ಕಾಣದೆ ಹೋದದ್ದು, ಬಳಿಯದ ಒಂದು ಮನೆ, ಅದರಲ್ಲಿರುವ ಒಬ್ಬ ಮುದುಕನ ಕೈ. ಇದರಿಂದ ಹೌದು ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು, ಇನ್ನೊಂದು ವರ್ಷ ನೋಡಲು ಕೊಟ್ಟರೆ ಉಪಕಾರವಾಗುತ್ತದೆ ಎಂದು ಬರೆದರಂತೆ. ಬಹುಮಾನ ಬೇರೆ ಯಾವುದೋ ಊರಿನವರಿಗೆ ಹೋಯಿತು. ಇವರಿಗೆ ಅಚ್ಚಾದ ಒಂದು ಧನ್ಯವಾದ ಬಂತು. ಗಾಜಿನ ಸಾಮಾನನ್ನು ಅದೇ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ವಾಪಸು ಕಳಿಸುವಾಗ ನಾನೇ ಕೈಹಚ್ಚಿದೆ. ಅವರ ಕೈಯಲ್ಲಿ ಗಾಜು ನಿಲ್ಲುತ್ತಿರಲಿಲ್ಲ.

ವಖಾರಿಯನ್ನು ಉಪ್ಪುಮೀನಿನ ವ್ಯಾಪಾರಿಯೊಬ್ಬ ಹಿಡಿದ.

ಆಮೇಲೆ ಅವರು ರೋಗಿಗಳನ್ನು ನೋಡುವುದು ಕಡಿಮೆಯಾಯಿತು. ಸೂಜಿ ಹಿಡಿಯಲಾಗದ ಡಾಕ್ಟರ ಹತ್ತಿರ ಯಾರು ಬರುತ್ತಾರೆ? ಬೆರಳಿನ ಬಣ್ಣವೂ ನಿಧಾನಕ್ಕೆ ಹೋಯಿತು. ಆದರೂ ಪಂಪಿನ ಆಳುಗಳು ಓಣಿಗೆ ಬಂದಾಗ ಅವರನ್ನು ಜಗಲಿಗೆ ಕರೆದು ಕೂರಿಸಿ, ನಿದ್ರೆ ಬರುತ್ತದಾ, ಕೈ ಜುಂ ಅನ್ನುತ್ತದಾ ಎಂದು ಕೇಳುತ್ತಿದ್ದರು. ಅವರಿಗೆ ನಗು. ಒಬ್ಬ, "ಮುದುಕರೇ, ಕೇಳಿ ಎಂತ ಮಾಡ್ತ್ರಿ? ಬರೂ ಬಹುಮಾನ ತಪ್ಪಿ ಹೋತಲ," ಎಂದ. "ಹೌದಾ," ಎಂದು ಡಾಕ್ಟರೂ ನಕ್ಕರು, "ಆದ್ರೂ ನೀ ಹೇಳು." ಅವನು ಹೇಳಿದ. ಎದ್ದು ಹೋಗಲು ಅವಸರವಿದ್ದವನು ಬಹಳ ಹೊತ್ತು ಕೂತು ಹೇಳಿದ.

ನನ್ನ ಮಗಳು ನಡೆಯಲು ಕಲಿತದ್ದು ಅವರ ಜಗಲಿಯ ಅಂಚು ಹಿಡಿದು. ಅವಳಿಗೆ ಒಂದು ದಿನವೂ ಚಳಿಜ್ವರ ಬರಲಿಲ್ಲ. ಔಷಧಿಯಿಂದ ಬಂದ ಒಳ್ಳೆಯದು ನನ್ನ ಮನೆಯಲ್ಲಿ ಓಡಾಡುತ್ತಿತ್ತು. ಗೋಡೆಯಾಚೆ ಒಬ್ಬರು ಎರಡೂ ಕೈಯಲ್ಲಿ ಲೋಟ ಹಿಡಿದು ನೀರು ಕುಡಿಯುತ್ತಿದ್ದರು. ಈ ಎರಡನ್ನೂ ಒಟ್ಟಿಗೆ ಹೇಗೆ ತೂಗಬೇಕೆಂದು ನನಗೆ ತಿಳಿಯದು. ನಾನು ದೇವರ ಮುಂದೆ ಎರಡನ್ನೂ ಹೇಳುತ್ತಿದ್ದೆ.

ಸ್ವಾತಂತ್ರ್ಯ ಬಂದ ಮುಂದಿನ ವರ್ಷ ಆಷಾಢದಲ್ಲಿ ಅವರು ಹೋದರು. ಮಧ್ಯಾಹ್ನ ಗಂಜಿ ಕೊಡಲು ಹೋದಾಗ ಗೋಡೆಗೆ ಬೆನ್ನು ಕೊಟ್ಟು ಕೂತೇ ಇದ್ದರು, ಜೀವವಿರಲಿಲ್ಲ. ನರಳಲಿಲ್ಲ. ನಾವು ಕರೆಕಳಿಸಿದ ಕೂಡಲೇ ಬಾಡದಿಂದ ಅಣ್ಣನ ಮಗ ಬಂದ. ಎರಡು ದಿನದಿಂದ ಬಿಡದ ಮಳೆ ಸಂಜೆಯ ಹೊತ್ತಿಗೆ ನಿಂತು ಹೊಳವಾಯಿತು, ಒಣ ಕಟ್ಟಿಗೆ ಸಿಕ್ಕಿತು. ಇವು ಸಣ್ಣ ದಯೆಗಳೇ, ಆದರೆ ಅಂಥ ದಿನ ಇವೇ ಸಾಕಾಗುತ್ತವೆ.

ಮಾರನೆಯ ದಿನ ಸಾವು ಬರೆದುಕೊಳ್ಳಲು ಮುನ್ಸಿಪಾಲ್ಟಿ ಗುಮಾಸ್ತರು ಬಂದರು. ನಮ್ಮ ಜಗಲಿಯಲ್ಲಿ ಕೂತು, ಎಂತದರಿಂದ ಹೋದರು ಎಂದು ಕೇಳಿದರು.

"ವಯಸ್ಸಾಗಿತ್ತು," ಎಂದ ಅಣ್ಣನ ಮಗ.

ಗುಮಾಸ್ತರು ಟಾಕನ್ನು ಶಾಯಿಗೆ ಅದ್ದಿದರು. ನಾನು ಬಾಗಿಲ ಮರೆಯಲ್ಲಿದ್ದವಳು ಹೊಸಿಲು ದಾಟಿ ಹೊರಗೆ ಬಂದೆ. ಪರಗಂಡಸರ ಎದುರು ಹಾಗೆ ಬಂದು ನಿಂತದ್ದು ಅದೇ ಮೊದಲು.

"ಗೊತ್ತಿಲ್ಲ ಅಂತ ಬರೀರಿ," ಎಂದೆ.

"ಎಂತ ಅಮ್ಮಾ?"

"ವಯಸ್ಸಾಗಿತ್ತು, ಹೌದು. ಕೈ ನಡುಗ್ತಿತ್ತು, ಅದೂ ಹೌದು. ಯಾವುದ್ರಿಂದ ಹೋದ್ರು ಅಂತ ಯಾರೂ ನೋಡ್ಲಿಲ್ಲ. ಗೊತ್ತಿಲ್ಲ ಅಂತ ಬರೀರಿ."

ಗುಮಾಸ್ತರು ಕೆಟ್ಟವರಲ್ಲ. ಮೆಲ್ಲಗೆ ನಕ್ಕು, "ಗೊತ್ತಿಲ್ಲ ಅಂತ ಬರ್ದ್ರೆ ಮೇಲಿನವ್ರು ವಾಪಸ್ ಕಳಿಸ್ತ್ರು ಅಮ್ಮಾ," ಎಂದರು.

ಒಳಗೆ ಮೂಲೆಯಲ್ಲಿ ಕೂತಿದ್ದ ಅತ್ತೆ ಅಲ್ಲಿಂದಲೇ ಕೂಗಿ ಹೇಳಿದರು: "ಕಳಿಸ್ಲಿ ಬಿಡಿ. ಕಳ್ಸಿದ್ರೆ ಎಂತಕ್ಕೆ ಅಂತ ಕೇಳೂಕಾದ್ರೂ ಒಬ್ರು ಬತ್ರು."

ಗುಮಾಸ್ತರು ನನ್ನ ಮುಖ ನೋಡಿದರು. ಆಮೇಲೆ ತಲೆ ಬಗ್ಗಿಸಿ ಏನೋ ಬರೆದರು. ಇಂಗ್ಲಿಷಿನಲ್ಲಿ ಬರೆದದ್ದು, ನನಗೆ ಓದಲು ಬರುತ್ತಿರಲಿಲ್ಲ. ಏನು ಬರೆದಿರಿ ಎಂದು ಅತ್ತೆ ಕೇಳುವಷ್ಟರಲ್ಲಿ ಕೊಡೆ ಬಿಚ್ಚಿಕೊಂಡು ಇಳಿದು ಹೋದರು.

ಆ ಮಳೆಗಾಲ ಮುಗಿಯುವವರೆಗೂ ನಾವಿಬ್ಬರು ಜಗಲಿಯಲ್ಲಿ ಕೂತಾಗಲೆಲ್ಲ, ಬತ್ತಿ ಹೊಸೆಯುವಾಗಲೂ ಅಕ್ಕಿ ಆರಿಸುವಾಗಲೂ, ಓಣಿಯ ಕಡೆ ಒಂದು ಕಣ್ಣು ಇಟ್ಟಿರುತ್ತಿದ್ದೆವು. ಯಾರೂ ಬರಲಿಲ್ಲ.